ಅರ್ಧ ಚಮಚ

“ಅಕ್ಕಾ, ಒಂದು ಸಣ್ಣ ಸಂದೇಹ. ಹತ್ತು ಕಿಲೋ ಮಗುವಿಗೂ ಎರಡು ಚಮಚ, ಹನ್ನೆರಡು ಕಿಲೋ ಮಗುವಿಗೂ ಎರಡೇ ಚಮಚ ಅಂತ ಹಾಕಿದ್ದೀರಲ್ಲ, ಸರಿನಾ?”

ಮೇಲ್ ಬಂದಾಗ ಅವಳ ಕೈಯಲ್ಲಿ ಗಿರಾಕಿ ಮೇಷ್ಟ್ರೊಬ್ಬರ ಕನ್ನಡಕದ ಎಡಗಾಜು ಇತ್ತು. ಬುಧವಾರ, ಹನ್ನೆರಡೂಕಾಲು. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಹದಿನಾಲ್ಕು ವರ್ಷದಿಂದ ಅವಳ ಕೆಲಸ. ಯಾರೋ ಸಾಲು ತಪ್ಪಿ ಓದಿರಬೇಕು ಎಂದುಕೊಂಡೇ ಎಡಗೈಯಿಂದ ಫೋನಿನಲ್ಲಿ ತನ್ನ ಬ್ಲಾಗ್ ತೆರೆದಳು.

ಎಂಟು ಕಿಲೋ: ಒಂದು ಚಮಚ. ಹತ್ತು ಕಿಲೋ: ಎರಡು. ಹನ್ನೆರಡು: ಎರಡು.

ಎಂಟಕ್ಕೆ ಒಂದೂವರೆ ಇರಬೇಕಿತ್ತು. ಹನ್ನೆರಡಕ್ಕೆ ಎರಡೂವರೆ. ಇಡೀ ಪಟ್ಟಿಯಲ್ಲಿ ಒಂದೇ ಒಂದು ಅರ್ಧ ಉಳಿದಿರಲಿಲ್ಲ. ಅವಳು ಗಾಜನ್ನು ಬಟ್ಟೆಯ ಮೇಲಿಟ್ಟಳು. ಇಡುವಾಗ ಅದು ಮೇಜಿಗೆ ತಾಗಿ ಟಕ್ಕೆಂದಿತು.

ಮಗಳು ಗುಬ್ಬಿಗೆ ಹುಟ್ಟಿನಿಂದಲೇ ಒಂದು ತೊಂದರೆ. ಹೊಟ್ಟೆಗೆ ಬಿದ್ದು ಮೂರು ನಾಲ್ಕು ಗಂಟೆ ಕಳೆದರೆ ಸಾಕು, ರಕ್ತದಲ್ಲಿನ ಸಕ್ಕರೆ ಸರ್ರನೆ ಇಳಿಯುತ್ತದೆ. ಮಗು ಬೆವರುತ್ತದೆ, ಮಂಕಾಗುತ್ತದೆ, ನೋಡಿಕೊಳ್ಳದಿದ್ದರೆ ಎಚ್ಚರ ತಪ್ಪುತ್ತದೆ. ಬೇಯಿಸದ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ, ಗಡಿಯಾರ ನೋಡಿಕೊಂಡು ಕುಡಿಸಬೇಕು. ಗುಬ್ಬಿಗೆ ಈಗ ಒಂಬತ್ತು. ಅವಳು ಕೈಗೂಸಾಗಿದ್ದಾಗ ಈ ಬಗ್ಗೆ ತಮ್ಮ ಭಾಷೆಯಲ್ಲಿ ಓದಲು ಒಂದು ಸಾಲೂ ಸಿಗದೆ ತಾಯಿ ತಾನೇ ಬರೆಯತೊಡಗಿದ್ದಳು. ಏನು ಕುಡಿಸಿದೆ, ಎಷ್ಟು ವಾಂತಿ ಮಾಡಿದಳು, ಶಾಲೆಯವರಿಗೆ ಹೇಗೆ ಒಪ್ಪಿಸಿದೆ, ಎಲ್ಲ. ಆಸ್ಪತ್ರೆಯವರು ಕೊಟ್ಟ ಅಳತೆಯನ್ನು ತೂಕದ ಪ್ರಕಾರ ಚಮಚದಲ್ಲಿ ಬರೆದಿಟ್ಟ ಆ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡವರು ಎಷ್ಟು ಜನವೋ.

ತಮ್ಮನಿಗೆ ಫೋನ್ ಮಾಡಿದಳು. ಅವನು ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಬ್ಲಾಗಿನ ಯಂತ್ರಭಾಗವೆಲ್ಲ ಅವನದೇ ಉಸ್ತುವಾರಿ.

“ಪಟ್ಟೀಲಿ ಅರ್ಧಗಳೆಲ್ಲ ಹೋಗಿವೆ ಕಣೋ.”

“ಯಾವ ಅರ್ಧ?”

“ಒಂದೂವರೆ ಚಮಚ ಇದ್ದಿದ್ದು ಒಂದು ಆಗಿದೆ. ನೋಡು ಬೇಗ.”

ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು.

“ಅಯ್ಯೋ,” ಎಂದ ತಮ್ಮ. “ಹಳೇ ಬ್ಲಾಗಲ್ಲಿ ಅರ್ಧದ ಗುರುತು ‘½’ ಅಂತ ಒಂದೇ ಅಕ್ಷರ ಆಗಿತ್ತು ಅಕ್ಕ. ಶನಿವಾರ ಹೊಸದಕ್ಕೆ ಸಾಗಿಸೋವಾಗ ಗುರುತು ಸಿಗದ ಅಕ್ಷರ ಬಂದ್ರೆ ಬಿಟ್ಟು ಮುಂದೆ ಹೋಗು ಅಂತ ಪ್ರೋಗ್ರಾಮಲ್ಲಿ ನಾನೇ ಬರೆದಿದ್ದೆ. ಕಸ ಬರದೇ ಇರಲಿ ಅಂತ.”

“ಕಸ!”

“ಬಯ್ಯೋದಿದ್ರೆ ಆಮೇಲೆ ಬಯ್ಯಿ. ಈಗ ಪಟ್ಟಿ ತೆಗೀತೀನಿ.”

ಹಳೆಯ ತಂತ್ರಾಂಶವನ್ನು ಬಿಡಲೇಬೇಕಾಗಿತ್ತು, ಅದು ಅವಳಿಗೂ ಗೊತ್ತು. ಅದನ್ನು ಮಾಡಿದವರೇ ಕೈಬಿಟ್ಟು ಆರು ವರ್ಷವಾಗಿತ್ತು. ಹೋದ ತಿಂಗಳು ಯಾರೋ ಒಳಗೆ ನುಗ್ಗಿ ಗುಬ್ಬಿಯ ಹಾಲುಹಲ್ಲಿನ ಫೋಟೋ ಪಕ್ಕದಲ್ಲೇ ಜೂಜಿನ ಜಾಹೀರಾತು ತೂರಿಸಿದ್ದರು. ತಮ್ಮ ಮೂರು ದಾರಿ ತೋರಿಸಿದ್ದ. ಒಂದು ಪುಕ್ಕಟೆ, ಆದರೆ ಕಂಪನಿಯವರು ಜಾಹೀರಾತು ಹಾಕುತ್ತಾರೆ. ಇನ್ನೊಂದರಲ್ಲಿ ಬೇಕಾದ್ದೆಲ್ಲ ಇದೆ, ಆದರೆ ಎಳೆಗೂಸಿನ ಹಾಗೆ, ವಾರಕ್ಕೊಮ್ಮೆ ಏನಾದರೂ ಅಪ್‌ಡೇಟ್ ಉಣಿಸುತ್ತಿರಬೇಕು. ಮೂರನೆಯದು ಬರೀ ಸಾದಾ ಪುಟಗಳು. ಒಮ್ಮೆ ಇಟ್ಟರೆ ಕಲ್ಲಿನ ಹಾಗೆ ಕೂತಿರುತ್ತದೆ. “ಒಂದು ಕೂಸನ್ನ ಸಾಕಿದ್ದು ಸಾಕು, ಕಲ್ಲೇ ಇರಲಿ,” ಎಂದು ಅವಳೇ ನಕ್ಕು ಆರಿಸಿದ್ದಳು.

“ಶನಿವಾರ ಪೂರ್ತಿ ನೋಡು ಅಂದಿದ್ದೆ ತಾನೆ?” ತಮ್ಮನ ದನಿ ಮೆಲ್ಲಗೆ ಬಂತು. “ಒಂದೊಂದು ಪುಟಾನೂ ನೋಡಿ ಹೇಳು ಅಂದಿದ್ದೆ. ಎಲ್ಲ ಸರಿಯಾಗಿದೆ ಅಂದೆ.”

ಅವಳು ಶನಿವಾರ ನೋಡಿದ್ದು ನಿಜ. ಮಗಳ ಫೋಟೋಗಳು ಅವುಗಳ ಜಾಗದಲ್ಲಿವೆಯೇ ಎಂದು ಒಂದೊಂದನ್ನೂ ನೋಡಿದ್ದಳು. ಒಂದೆರಡು ಕಡೆ ಓದುತ್ತ ಕೂತು ಕಣ್ಣೊರೆಸಿಕೊಂಡದ್ದೂ ಉಂಟು. ಪಟ್ಟಿ ಬಂದಾಗ ಮಾತ್ರ, ಬಾಯಿಪಾಠವಿದ್ದದ್ದರಿಂದ, ಕಣ್ಣು ಅದರ ಮೇಲೆ ಹಾಗೇ ಜಾರಿತ್ತು.

“ಶನಿವಾರದಿಂದ ಯಾರ್‍ಯಾರು ನೋಡಿದಾರೆ ಹೇಳು.”

“ಅದು ಗೊತ್ತಾಗಲ್ಲ. ಓದೋರ ಲೆಕ್ಕ ಇಡಬೇಡ, ಯಾರನ್ನೂ ಹಿಂಬಾಲಿಸಬೇಡ ಅಂತ ನೀನೇ ಹೇಳಿದ್ದಲ್ವಾ?”

ಆಗ ಅವಳಿಗೆ ಭಾನುವಾರ ಬಂದಿದ್ದ ಮೇಲ್ ನೆನಪಾಯಿತು. ಹುಡುಕಿ ತೆಗೆದಳು. ಬರೆದವಳು ಹತ್ತು ತಿಂಗಳ ಅವಳಿಗಳ ತಾಯಿ. ಇಬ್ಬರಿಗೂ ಗುಬ್ಬಿಯದೇ ತೊಂದರೆ. ‘ಅಕ್ಕಾ, ಇವತ್ತು ಇಬ್ಬರೂ ಎಂಟು ಕಿಲೋ ಮುಟ್ಟಿದರು! ನಿಮ್ಮ ಪಟ್ಟಿಯ ಹೊಸ ಸಾಲಿಗೆ ಬಡ್ತಿ. ಮೂರು ಗಂಟೆಗೊಮ್ಮೆ ಏಳೋದು ತಪ್ಪಿತು, ಇನ್ನು ನಾಲ್ಕು ಗಂಟೆ ನಿದ್ದೆ ಮಾಡಬಹುದು.’ ಅದಕ್ಕೆ ಅವಳು ಮೂರು ಹೃದಯದ ಚಿತ್ರ ಕಳಿಸಿದ್ದಳು.

ಎಂಟು ಕಿಲೋ ಮುಟ್ಟಿದರೆ ಒಮ್ಮೆ ಕುಡಿಸಿ ಮತ್ತೆ ಕುಡಿಸುವ ನಡುವಿನ ಗಂಟೆ ಹೆಚ್ಚುತ್ತದೆ, ಅದಕ್ಕಾಗಿಯೇ ಅಳತೆಯೂ ಹೆಚ್ಚಬೇಕು. ಹೆಚ್ಚಬೇಕಾದ ಅರ್ಧ ಚಮಚ ಮಾಯವಾಗಿತ್ತು. ಗಂಟೆ ಮಾತ್ರ ನಾಲ್ಕಾಗಿತ್ತು. ಭಾನುವಾರ, ಸೋಮವಾರ, ಮಂಗಳವಾರ. ಮೂರು ರಾತ್ರಿ.

ಆ ತಾಯಿಗೆ ಕೂಡಲೇ ಮೇಲ್ ಬರೆದು ಕಳಿಸಿದಳು. ಎರಡು ಕೂಸುಗಳ ತಾಯಿ ಹಗಲಲ್ಲಿ ಮೇಲ್ ತೆರೆಯುವುದುಂಟೇ? ಫೋನ್ ನಂಬರೇ ಬೇಕಿತ್ತು.

“ಅವಳಿ ಮಕ್ಕಳ ತಾಯಿ ಒಬ್ಬಳು ಒಮ್ಮೆ ನಂಬರ್ ಹಾಕಿದ್ಲು ಕಣೋ,” ಎಂದು ಮತ್ತೆ ತಮ್ಮನಿಗೆ ಫೋನಿನಲ್ಲಿ ಹೇಳಿದಳು. “ಐದಾರು ತಿಂಗಳ ಹಿಂದೆ, ಕಾಮೆಂಟಿನಲ್ಲಿ. ಕಂಡಕಂಡವರ ಕಣ್ಣಿಗೆ ಬೀಳಬಾರದು ಅಂತ ನಾನೇ ಮುಚ್ಚಿಟ್ಟಿದ್ದೆ.”

“ಮುಚ್ಚಿಟ್ಟಿದ್ದನ್ನ ನಾನು ಹೊಸದಕ್ಕೆ ತಂದಿಲ್ಲ.”

“ಅಂದ್ರೆ ಹೋಯ್ತಾ?”

“ಹಳೇ ಬ್ಲಾಗಿನ ಪೂರ್ತಿ ನಕಲು ಡಿಸ್ಕ್‌ನಲ್ಲಿದೆ. ಡಿಸ್ಕ್ ನನ್ನ ರೂಮಲ್ಲಿದೆ. ಹತ್ತು ನಿಮಿಷ ಕೊಡು. ಓಡ್ತೀನಿ.”

ಹೊರಗಿನ ಕೋಣೆಯಿಂದ ಅಂಗಡಿಯ ಯಜಮಾನರು ಇಣುಕಿದರು. “ಮೇಷ್ಟ್ರು ಬಂದು ಕೂತಿದಾರಮ್ಮ.”

“ಕೂತ್ಕೊಳ್ಳಲಿ ಸಾರ್.”

ಅವಳು ಹೀಗೆ ಮಾತಾಡಿದ್ದನ್ನು ಯಜಮಾನರು ಎಂದೂ ಕೇಳಿರಲಿಲ್ಲ. ಅವಳ ಮುಖ ನೋಡಿ ಸುಮ್ಮನೆ ಪರದೆ ಎಳೆದರು. “ಅವಸರವೇನಿಲ್ಲ ಬಿಡಿ, ಕನ್ನಡಕ ಇಲ್ಲದೆ ನನಗೆ ಗಡಿಯಾರವೂ ಕಾಣೋದಿಲ್ಲ,” ಎಂದು ಮೇಷ್ಟ್ರು ಹೊರಗೆ ನಗುವುದು ಕೇಳಿಸಿತು.

ಹತ್ತು ನಿಮಿಷ ಹದಿನೆಂಟಾಯಿತು. ತಮ್ಮ ಏದುಸಿರು ಬಿಡುತ್ತ ಒಂದೊಂದೇ ಅಂಕಿ ಓದಿದ. ಅವಳು ಕನ್ನಡಕದ ಕವರಿನ ಹಿಂದೆ ಬರೆದುಕೊಂಡು, ತಿರುಗಿ ಓದಿ ಹೇಳಿ, ಸರಿ ಅನ್ನಿಸಿಕೊಂಡು ಇಟ್ಟಳು.

ಮೊದಲ ಸಲ ಫೋನ್ ಹೊಡೆದುಕೊಂಡು ನಿಂತಿತು. ಎರಡನೆಯ ಸಲವೂ. ಮೂರನೆಯ ಸಲ ಒಂದು ಹೆಣ್ಣುದನಿ, ಹಿಂದೆ ಮಗುವಿನ ಅಳು.

“ಯಾರು?”

ಇಬ್ಬರೂ ಇದುವರೆಗೆ ಮಾತಾಡಿರಲಿಲ್ಲ. “ನಾನು ಗುಬ್ಬಿ ಅಮ್ಮ,” ಎಂದಳು. ಬ್ಲಾಗಿನಲ್ಲಿ ಅವಳಿಗೆ ಇದ್ದ ಹೆಸರು ಅದೇ.

“ಅಯ್ಯೋ ಅಕ್ಕಾ! ನೀವಾ? ನಂಬೋಕೇ ಆಗ್ತಿಲ್ಲ. ರೀ, ನೋಡ್ರೀ ಇಲ್ಲಿ...”

“ಮಕ್ಕಳು ಹೇಗಿದಾರೆ?”

“ಹಲ್ಲು ಬರ್ತಿದೆ ಅನ್ಸುತ್ತೆ ಅಕ್ಕ. ಎರಡು ದಿನದಿಂದ ಬೆಳಿಗ್ಗೆ ಏಳುವಾಗ ಮೈಯೆಲ್ಲ ಒದ್ದೆ. ದೊಡ್ಡವನು ಅಳ್ತಾನೆ, ಚಿಕ್ಕವನು ಅಳೋದೂ ಇಲ್ಲ, ಸುಮ್ನೆ ಬಿದ್ಕೊಂಡಿರ್ತಾನೆ.”

“ಎಷ್ಟು ಕುಡಿಸ್ತಿದೀರಿ?”

“ನಾಲ್ಕು ಗಂಟೆಗೊಮ್ಮೆ ಒಂದು ಚಮಚ. ನಿಮ್ಮ ಪಟ್ಟೀಲಿರೋ ಹಾಗೇ.”

“ಒಂದೂವರೆ,” ಎಂದಳು. ಬಿಡಿಸಿ ಮತ್ತೆ ಹೇಳಿದಳು. “ಒಂದೂವರೆ ಚಮಚ. ಪಟ್ಟೀಲಿ ತಪ್ಪಾಗಿದೆ. ಬ್ಲಾಗ್ ಬದಲಾಯಿಸೋವಾಗ ಅರ್ಧ ಬಿಟ್ಟುಹೋಗಿದೆ. ನಾನು ನೋಡಿಲ್ಲ. ಈಗಲೇ ಇಬ್ಬರಿಗೂ ಸಕ್ಕರೆ ಟೆಸ್ಟ್ ಮಾಡಿ. ನಾನು ಫೋನ್ ಇಡಲ್ಲ.”

ಆ ಕಡೆ ಫೋನನ್ನು ಎಲ್ಲೋ ಗಟ್ಟಿ ನೆಲದ ಮೇಲಿಟ್ಟ ಸದ್ದು. ಡ್ರಾಯರ್ ಎಳೆದದ್ದು. ಗಂಡಸಿನ ದನಿ, “ಯಾಕೆ, ಏನಾಯ್ತು?” ಚುಚ್ಚಿಸಿಕೊಂಡ ಮಗು ಕಿಟಾರನೆ ಕಿರುಚಿದ್ದು. ಅವಳು ಕಣ್ಣು ಮುಚ್ಚಿ ಇನ್ನೊಂದು ಅಳುವಿಗಾಗಿ ಕಾದಳು. ಅದು ಬರಲಿಲ್ಲ. ತುಂಬ ಹೊತ್ತಿನ ಮೇಲೆ, ಕುಂಯ್ ಎಂಬಂಥ ಸಣ್ಣ ದನಿ.

“ದೊಡ್ಡವನಿಗೆ ಅರವತ್ತೊಂದು. ಚಿಕ್ಕವನಿಗೆ ನಲವತ್ನಾಲ್ಕು.” ಕನಿಷ್ಠ ಎಪ್ಪತ್ತಾದರೂ ಇರಬೇಕಿತ್ತು.

“ಚಿಕ್ಕವನಿಗೆ ಮೊದಲು ಗ್ಲೂಕೋಸ್ ನೀರು ಕೊಡಿ. ಕುಡೀತಾನಾ? ನುಂಗ್ತಾನಾ ನೋಡಿ. ನಿಮ್ಮೋರು ಇನ್ನೊಂದು ಫೋನಲ್ಲಿ ಆಸ್ಪತ್ರೆಗೆ ಹೇಳಲಿ. ನಾನು ಹೇಳಿದೆ ಅಂತ ಅಲ್ಲ, ಡಾಕ್ಟರು ಏನು ಹೇಳ್ತಾರೋ ಹಾಗೆ ಮಾಡಿ.”

“ನುಂಗ್ತಿದಾನೆ.”

“ನಿಧಾನ. ಇನ್ನೊಂದು ಗುಟುಕು.”

“ನುಂಗಿದ.”

ಗುಟುಕು ಗುಟುಕಿಗೂ ಆ ತಾಯಿ ‘ನುಂಗಿದ’ ಎನ್ನುತ್ತಿದ್ದಳು, ಇವಳು ‘ಹೂಂ’ ಎನ್ನುತ್ತಿದ್ದಳು. ಕಾಲು ಗಂಟೆಯಾದ ಮೇಲೆ ಆಸ್ಪತ್ರೆಯಿಂದ ಕರೆತರಲು ಹೇಳಿದ್ದಾರೆಂದು ಗಂಡ ಹೇಳಿದ್ದು ಕೇಳಿಸಿತು. ಚೀಲಕ್ಕೆ ಬಟ್ಟೆ ತುಂಬುವ ಗಡಿಬಿಡಿ.

“ನನ್ನ ತಪ್ಪು,” ಎಂದಳು ಇವಳು. “ದಯವಿಟ್ಟು...”

“ನೀವು ಬರೆದಿದ್ದು ಅಂತ ನಾನು ಎರಡನೇ ಸಲ ಯೋಚನೆನೇ ಮಾಡ್ಲಿಲ್ಲ ಅಕ್ಕ.” ಬೈಗುಳವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಗಂಟೆ ಹೆಚ್ಚಾಗಿದೆ, ಚಮಚ ಅಷ್ಟೇ ಇದೆಯಲ್ಲ ಅಂತ ಇವರು ಕೇಳಿದ್ರು. ಗುಬ್ಬಿ ಅಮ್ಮನಿಗಿಂತ ನಿಮಗೆ ಗೊತ್ತಾ ಅಂತ ಬಾಯಿ ಮುಚ್ಚಿಸಿದೆ. ಇಡ್ತೀನಿ.”

ಅವಳು ಮೇಷ್ಟ್ರ ಕನ್ನಡಕ ಕೂರಿಸಿ ಕೊಟ್ಟಳು. ಹೇಗೆ ಕೂರಿಸಿದಳೋ ಅವಳಿಗೇ ಗೊತ್ತಾಗಲಿಲ್ಲ. ಕೊಡುವ ಮೊದಲು ಗಾಜಿನ ನಂಬರನ್ನು ಕಣ್ಣಿನ ಡಾಕ್ಟರ ಚೀಟಿಯ ಜೊತೆ ಮೂರು ಸಲ ಹೋಲಿಸಿದಳು.

ಸಂಜೆ ಐದಕ್ಕೆ ತಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಗುಬ್ಬಿ ಅಂಗಳದಲ್ಲಿ ಹಗ್ಗದಾಟ ಆಡುತ್ತಿದ್ದಳು. ಅಕ್ಕ ತಮ್ಮ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತರು.

“ತೆಗೆದಿರೋ ಪಟ್ಟಿ ಮತ್ತೆ ಹಾಕೋದೇ ಬೇಡ ಅಕ್ಕ,” ಎಂದ ಅವನು. “ಕತೆ ಬರಿ, ಅನುಭವ ಬರಿ. ಅಳತೆ ಬೇಡ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ತಡಕೊಳ್ಳೋಕಾಗಲ್ಲ.”

“ಹಾಕದಿದ್ರೆ ಗೋಡೆ ಮೇಲೆ ಅಂಟಿಸಿಕೊಂಡಿರೋದು ಹೋಗುತ್ತಾ? ಶನಿವಾರದಿಂದ ಪ್ರಿಂಟ್ ತಗೊಂಡೋರು ಇನ್ನೂ ಎಷ್ಟು ಜನ ಇದಾರೋ. ಸರಿಯಾದ್ದು ಎಲ್ಲಿ ನೋಡ್ತಾರೆ ಅವರು?”

ಅವನು ಲ್ಯಾಪ್‌ಟಾಪ್ ತೆರೆದ.

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ: ‘ಶನಿವಾರದಿಂದ ಬುಧವಾರ ಮಧ್ಯಾಹ್ನದವರೆಗೆ ಈ ಪುಟದಲ್ಲಿದ್ದ ಅಳತೆ ತಪ್ಪು. ತಪ್ಪು ನನ್ನದು. ಪ್ರಿಂಟ್ ಮಾಡಿಕೊಂಡಿದ್ದರೆ ಹರಿದುಹಾಕಿ.’ ‘ನನ್ನದು’ ಎಂಬಲ್ಲಿ ತಮ್ಮ ‘ನಮ್ಮದು’ ಮಾಡು ಎಂದ. ಅವಳು ಮಾಡಲಿಲ್ಲ. ಅದರ ಕೆಳಗೆ, ನಿಮ್ಮ ಡಾಕ್ಟರಿಗೆ ತೋರಿಸದೆ ಯಾವ ಸಾಲನ್ನೂ ಬಳಸಬೇಡಿ ಎಂದು ಬರೆದಳು. ಆಮೇಲೆ ಆಸ್ಪತ್ರೆಯವರು ಕೊಟ್ಟಿದ್ದ ಹಳದಿಗಟ್ಟಿದ ಹಾಳೆಯನ್ನು ತಮ್ಮನ ಕೈಗೆ ಕೊಟ್ಟು ಓದಲು ಹೇಳಿದಳು. ಅವನು ಓದಿದ ಹಾಗೆ ಅಂಕಿ ಬಿಟ್ಟು ಅಕ್ಷರದಲ್ಲೇ ಒತ್ತಿದಳು: ಒಂದೂವರೆ. ಎರಡು. ಎರಡೂವರೆ.

ಮುಗಿಯುವ ಹೊತ್ತಿಗೆ ಫೋನ್ ಸದ್ದು ಮಾಡಿತು. ಅವಳಿಗಳ ತಾಯಿಯ ನಂಬರು. ಸಂದೇಶದಲ್ಲಿ ಎರಡೇ ಅಂಕಿಗಳಿದ್ದವು. ತೊಂಬತ್ತೆರಡು. ಎಂಬತ್ತೆಂಟು.

ಮುಂದೆ ಇನ್ನೇನಾದರೂ ಬರುತ್ತದೆಯೇ ಎಂದು ಅವಳು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಬರಲಿಲ್ಲ. ಫೋನನ್ನು ತಮ್ಮನಿಗೆ ತೋರಿಸಿ ಕೆಳಗಿಟ್ಟಳು. ಅವನು ಎದ್ದುಹೋಗಿ ಒಂದು ಲೋಟ ನೀರು ಕುಡಿದು, ಮುಖ ಒರೆಸಿಕೊಂಡು ಬಂದು ಕೂತ.

“ಪ್ರಕಟಿಸಲಾ?”

“ತಡಿ.”

ಅವಳು ಮೇಲಿನಿಂದ ಕೆಳಗೆ ಒಮ್ಮೆ ಓದಿದಳು. ಕಿಟಕಿಯಾಚೆ ಹಗ್ಗ ನೆಲಕ್ಕೆ ಬಡಿಯುವ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು. ತಮ್ಮನ ಬೆರಳು ಗುಂಡಿಯ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ನಿಂತಿತ್ತು. ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಈ ಸಲ ಕಣ್ಣು ಜಾರದ ಹಾಗೆ ಕೆಳಗಿನಿಂದ ಮೇಲಕ್ಕೆ, ಬಾಯಿಬಿಟ್ಟು ಓದತೊಡಗಿದಳು.