ಲಾಂಚ್ ಸಾಲಿನಲ್ಲಿ ನಿಂತ ಮರ್ಲ್‌ನ ಟ್ರಕ್ಕು

ಗೇರ್ ಬಾಕ್ಸಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಬದಲಾಯಿಸಿದ್ದಾಗಿತ್ತು. ಆದರೂ ಮರ್ಲ್ ಥರ್ಲೋನ ಟ್ರಕ್ಕು ಕುಂಟುತ್ತಲೇ ಇತ್ತು.

"ನನ್ನ ಕೆಲ್ಸ ಮುಗೀತು ಮರ್ಲ್," ಎಂದಳು ದ್ವೀಪದ ಗ್ಯಾರೇಜಿನ ನೊರೀನ್. "ಆದ್ರೆ ಹೊಸ ಪೆಟ್ಟಿಗೇನ ಗಾಡಿ ಒಪ್ಕೋಬೇಕು ಅಂದ್ರೆ ಕಂಪನಿ ಕೋಡ್ ಬೇಕು. ಅದು ಅವರ ಡೀಲರ್ ಹತ್ರ ಮಾತ್ರ ಇರೋದು."

"ನನ್ ಗಾಡಿ, ನನ್ ದುಡ್ಡು, ಅವರ ಅಪ್ಪಣೆನಾ?"

ಅದು ಅಕ್ಟೋಬರ್ ತಿಂಗಳು. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಲಾಬ್‌ಸ್ಟರ್ ಸಿಗಡಿ ಚೆನ್ನಾಗಿ ಸಿಗುವ ಕಾಲ. ಬೋನುಗಳಿಗೆ ಹಾಕುವ ಎರೆಮೀನಿನ ಪೀಪಾಯಿಗಳು ಟ್ರಕ್ಕಿನಲ್ಲೇ ದಕ್ಕೆಗೆ ಬರಬೇಕು. ಖಾಲಿ ಇದ್ದರೆ ಟ್ರಕ್ಕು ತೆವಳಿಕೊಂಡಾದರೂ ಹೋಗುತ್ತಿತ್ತು. ಪೀಪಾಯಿ ಹೇರಿದರೆ ಏರು ಹತ್ತುತ್ತಿರಲಿಲ್ಲ. ಡೀಲರ್ ಇರುವುದು ಸಮುದ್ರದಾಚೆ. ಟ್ರಕ್ಕು ಸರಿಯಾಗುವವರೆಗೆ ಮರ್ಲ್‌ನ ದೋಣಿ ಕಟ್ಟಿಹಾಕಿದಂತೆಯೇ.

"ನವೆಂಬರಿನಲ್ಲಿ ಇದಕ್ಕೇ ಕಾನೂನು ಬೇಕಾ ಅಂತ ಜನರ ಮತದಾನ," ಎಂದಳು ನೊರೀನ್. "ಗಾಡಿಯೊಳಗಿನ ರಿಪೇರಿ ಮಾಹಿತಿ ಮಾಲೀಕನಿಗೂ ಸಿಗ್ಬೇಕು, ಅವನು ಹೇಳಿದ ಗ್ಯಾರೇಜಿಗೂ ಸಿಗ್ಬೇಕು ಅಂತ. ಹೌದು ಅಂತ ಹಾಕು."

"ಟೀವೀಲಿ ನೋಡ್ಲಿಲ್ವಾ? ಅದನ್ನೆಲ್ಲ ಬಿಚ್ಚಿಟ್ರೆ ಕಂಡೋರೆಲ್ಲ ಗಾಡಿ ಒಳಗೆ ಕೈ ಹಾಕ್ತಾರಂತೆ. ನಂದು ಬೇಡ ಅಂತಾನೇ."

ಮರ್ಲ್ ಟ್ರಕ್ಕನ್ನು ಆಚೆ ದಡಕ್ಕೆ ಗಾಡಿ ಸಾಗಿಸುವ ಲಾಂಚಿನ ಸಾಲಿನಲ್ಲಿ ನಿಲ್ಲಿಸಿ ಊಟಕ್ಕೆ ಮನೆಗೆ ಹೋದ. ನೊರೀನ್ ಕೂಡ ಗ್ಯಾರೇಜಿನ ವಾದ ಮುಂದುವರಿಸುತ್ತಲೇ ಊಟಕ್ಕೆ ಬಂದಳು. ದೋಣಿಯಲ್ಲಿ ಅವನ ಜೊತೆ ದುಡಿಯುವ ಮಗಳು ಥೀಯಾ ಮೀನಿನ ಸಾರು ಬಡಿಸುತ್ತ ಕೇಳಿದಳು:

"ಅಪ್ಪ, ಟ್ರಕ್ ಕೀ ಎಲ್ಲಿ?"

"ಗಾಡೀಲೇ ಇದೆ. ಸಾಲು ಮುಂದೆ ಹೋದಾಗ ಯಾರಾದ್ರೂ ಓಡಿಸ್ಬೇಕಲ್ಲ."

"ಯಾರಾದ್ರೂ ಅಂದ್ರೆ?"

"ಹಿಂದೆ ನಿಂತೋರು. ಎಲ್ಲ ನಮ್ಮೋರೇ ಅಲ್ವಾ!"

"ಓಹೋ. ಸಾಲಲ್ಲಿ ನಿಂತೋರು ನಮ್ಮೋರು. ನೊರೀನ್ ಮಾತ್ರ ಕಂಡೋರು."

ನೊರೀನ್ ಸಾರಿನ ಬಟ್ಟಲಿಗೆ ಮುಖ ಬಗ್ಗಿಸಿ ನಕ್ಕಳು. ಮರ್ಲ್‌ನ ಚಮಚ ನಿಂತಿತು. ಆ ದ್ವೀಪದಲ್ಲಿ ಯಾರೂ ಇನ್ನೊಬ್ಬರ ನಂಬಿಕೆ ಕೆಡಿಸಿದವರಲ್ಲ. ಅದು ಅವನ ಹೆಮ್ಮೆ.

"ಟೀವೀಲಿ ಹೇಳೋ ಕಳ್ಳರ ಕಥೆ ಏನು ಮತ್ತೆ?" ಎಂದ, ಸ್ವಲ್ಪ ಮೆತ್ತಗೆ.

"ಭಯ ಸುಳ್ಳು ಅಂತ ನಾನು ಹೇಳಲ್ಲ. ಭದ್ರತೆ ಬೇಕೇ ಬೇಕು," ಎಂದಳು ನೊರೀನ್. "ಆದ್ರೆ ಕಾನೂನು ಬಂದ್ರೂ ನೀನು ಒಪ್ಪಿದ್ರೆ ಮಾತ್ರ ಆ ಮಾಹಿತಿ ನಂಗೆ ಸಿಗೋದು. ಬೀದೀಲಿ ಹೋಗೋರಿಗೆಲ್ಲ ಅಲ್ಲ. ಇವತ್ತು ನೀನು ಒಪ್ಪಿದ್ರೂ ನಂಗೆ ಸಿಗಲ್ಲ, ನೋಡು."

ಮರ್ಲ್ ಊಟ ಮುಗಿಸಿ ಟ್ರಕ್ಕಿನ ಕಡೆ ನಡೆದ. ಮಧ್ಯಾಹ್ನದ ಲಾಂಚ್ ಹತ್ತಿ ಹೋದ.

ಡೀಲರ್ ಅಂಗಡಿಯಲ್ಲಿ ಮರುದಿನದವರೆಗೆ ಕಾಯಿಸಿದರು. ಕೊನೆಗೆ ಒಬ್ಬ ಕೆಲಸಗಾರ ಬಂದು ಒಂದು ತಂತಿ ಚುಚ್ಚಿದ, ಪರದೆ ನೋಡಿ ಕೋಡ್ ಹಾಕಿದ, ತಂತಿ ತೆಗೆದ. ಸ್ಪ್ಯಾನರ್ ಮುಟ್ಟಲೇ ಇಲ್ಲ. ಟ್ರಕ್ಕು ಸರಿಯಾಯಿತು.

"ಪೆಟ್ಟಿಗೆ ಜೋಡಿಸಿದ್ದು ಯಾರು? ಅಚ್ಚುಕಟ್ಟಾಗಿದೆ," ಎಂದ ಅವನು.

"ನಮ್ಮ ದ್ವೀಪದ ನೊರೀನ್!" ಎಂದ ಮರ್ಲ್. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಿಲ್ಲು ಕಟ್ಟಿ ಹೊರಬಂದಾಗ ಕಡಲು ಕನ್ನಡಿಯಂತೆ ಶಾಂತವಾಗಿತ್ತು. ಬೋನು ಎತ್ತಲು ಅಂಥ ದಿನ ಮತ್ತೆ ಸಿಗುವುದು ಅಪರೂಪ. ಅವನ ದೋಣಿ ದಕ್ಕೆಯಲ್ಲೇ ಇತ್ತು.

ಮತದಾನದ ದಿನ ಮರ್ಲ್ ಎರೆಮೀನು ಇಳಿಸಿ, ನಾರುವ ಬೂಟಿನಲ್ಲೇ ಬಂದು ಮತ ಹಾಕಿದ. "ಏನು ಹಾಕ್ದೆ ಅಪ್ಪ?" ಎಂದು ಥೀಯಾ ಕೇಳಿದ್ದಕ್ಕೆ, "ನೊರೀನ್ ನಮ್ಮೋಳು ಅಂತ ಹಾಕ್ದೆ," ಎಂದ. 2023ರ ಆ ಮತದಾನದಲ್ಲಿ ಮೇನ್‌ನ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮತಗಳು ಹೌದು ಎಂದವು.

ಓದುವವರೇ, ಕಾನೂನು ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗಾಡಿ ಕೊಳ್ಳುವ ಮೊದಲೇ ಕೇಳಿ: ಇದನ್ನು ನಮ್ಮೂರಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಬಹುದೇ? ಬಿಲ್ಲುಗಳನ್ನು ಜೋಪಾನವಾಗಿಡಿ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಗ್ಯಾರಂಟಿ ಹೋಯಿತು ಎಂದರೆ ನಂಬಬೇಡಿ. ಕಾನೂನಿನ ಯಾವ ಸಾಲಿನಲ್ಲಿದೆ ತೋರಿಸಿ ಎನ್ನಿ. ಗಾಡಿಯ ಕೀ ಯಾರ ಕೈಗೆ ಕೊಡಬೇಕೆಂದು ಇಷ್ಟು ಕಾಲ ನೀವೇ ತೀರ್ಮಾನಿಸಿದ್ದೀರಿ. ಅದರ ರಿಪೇರಿ ಯಾರ ಕೈಯಲ್ಲಿ ಎಂಬುದನ್ನೂ ನೀವೇ ತೀರ್ಮಾನಿಸಿ.