ಲ್ಯಾಬಕ್ಕನ ಬೆನ್ನುನೀರು

ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಊರವರ ರಕ್ತ, ಕಫ, ಬೆನ್ನುನೀರು ಪರೀಕ್ಷಿಸುತ್ತ ಬಂದವಳನ್ನು ಎಲ್ಲರೂ ಲ್ಯಾಬಕ್ಕ ಎನ್ನುತ್ತಿದ್ದರು. ತನ್ನದಾಗಲಿ, ತನ್ನವರದಾಗಲಿ ಪರೀಕ್ಷೆಯನ್ನು ತಾನೇ ಮಾಡಕೂಡದು ಎಂಬುದು ಅಲ್ಲಿನ ನಿಯಮ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳೂ ಅವಳೇ. ಇವತ್ತು ಆ ಕಾಗದಕ್ಕೆ ಬೆನ್ನು ಹಾಕಿ ಕೂತಿದ್ದಳು, ಅದೂ ಓರೆಯಾಗಿ. ನೆಟ್ಟಗೆ ಕೂತರೆ ಸೊಂಟದಿಂದ ಹಿಮ್ಮಡಿಯವರೆಗೆ ನೋವು ಜೀವ ಹಿಂಡುತ್ತಿತ್ತು.

ಸೊಂಟದ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದೆ ಎಂದು ಸ್ಕ್ಯಾನಿನಲ್ಲಿ ಕಂಡಿತ್ತು. ನಾಳಿದ್ದು ಆಪರೇಷನ್. ಅದಕ್ಕೆ ಮೊದಲು ಇದನ್ನೊಂದು ನೋಡಿಬಿಡೋಣ ಎಂದು ಸರ್ಜನ್ ಬೆಳಿಗ್ಗೆ ಅವಳ ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದಿದ್ದರು. ಅದನ್ನು ಪರೀಕ್ಷಿಸಬೇಕಿದ್ದ ಲ್ಯಾಬಿನ ಜೊತೆಗಾತಿ ಊಟಕ್ಕೆ ಎದ್ದದ್ದೇ ತಡ, ಲ್ಯಾಬಕ್ಕ ತನ್ನ ಟ್ಯೂಬನ್ನು ಯಂತ್ರಕ್ಕೆ ಇಟ್ಟಳು.

ಪ್ರೋಟೀನ್ ಎಪ್ಪತ್ತೆಂಟು. ನಲವತ್ತೈದು ದಾಟಬಾರದು.

ಆರು ವರ್ಷಗಳ ಹಿಂದೆ ತಂಗಿಯ ನೀರಿನಲ್ಲೂ ಪ್ರೋಟೀನ್ ಏರಿತ್ತು. ಬೆನ್ನುಹುರಿಯಲ್ಲಿ ಗಡ್ಡೆ ಎಂದರು, ಕೊಯ್ದರು. ತಂಗಿ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ತನಗೂ ಅದೇ ಗತಿ ಎಂದು ಅವಳಿಗೆ ಖಾತ್ರಿಯಾಯಿತು. ಸಾವಿರಾರು ಟ್ಯೂಬು ನೋಡಿದ ಕಣ್ಣೇನೋ ಹೌದು, ಆದರೆ ಸಂಖ್ಯೆ ಬರೆದು ಕಳಿಸಿದ ಮೇಲೆ ರೋಗಿಗೆ ಏನಾಯಿತೆಂದು ಲ್ಯಾಬಿಗೆ ಬಂದು ಯಾರು ಹೇಳುತ್ತಾರೆ? ಕೊನೆತನಕ ಅವಳು ಬಲ್ಲದ್ದು ತಂಗಿಯೊಬ್ಬಳ ಕಥೆಯನ್ನೇ.

ಇದನ್ನು ಕಂಡರೆ ಸರ್ಜನ್ ಇಡೀ ಬೆನ್ನನ್ನೇ ಬಗೆಯುತ್ತಾರೆ. ಅವಳು ಮೂವತ್ತೆಂಟು ಎಂದು ಬರೆದು ಕಳಿಸಿದಳು.

ಸಂಜೆ ಸರ್ಜನ್ ರಿಪೋರ್ಟ್ ಹಿಡಿದು ತಾವೇ ಲ್ಯಾಬಿಗೆ ಬಂದರು. ಅವಳು ಕಷ್ಟಪಟ್ಟು ಎದ್ದು ನಿಂತಳು.

"ಅಕ್ಕಾ, ನಿಮ್ಮ ರಿಪೋರ್ಟ್ ಸ್ವಲ್ಪ ವಿಚಿತ್ರವಾಗಿದೆ."

"ಗಡ್ಡೆನಾ ಡಾಕ್ಟ್ರೇ?"

"ಯಾವ ಗಡ್ಡೆ? ಸ್ಕ್ಯಾನಲ್ಲಿ ಗಡ್ಡೆಗಿಡ್ಡೆ ಏನೂ ಇಲ್ಲ. ಡಿಸ್ಕ್ ಒತ್ತಿ ನರ ಊದ್ಕೊಂಡ್ರೆ ನೀರಲ್ಲಿ ಪ್ರೋಟೀನ್ ಸ್ವಲ್ಪ ಏರೋದನ್ನ ಎಷ್ಟೋ ಜನರಲ್ಲಿ ನೋಡಿದೀನಿ. ಅರವತ್ತು, ಎಂಬತ್ತು ಬಂದಿದ್ರೂ ನಾನು ತಲೆ ಕೆಡಿಸ್ಕೊಳ್ತಿರ್ಲಿಲ್ಲ. ನಿಮ್ದು ಏರೇ ಇಲ್ವಲ್ಲ ಅಂತ ಆಶ್ಚರ್ಯ, ಅಷ್ಟೇ."

ಹೋದ ಜೀವ ಬಂದಂತಾಯಿತು. ಅಳು, ನಗು ಎರಡೂ ಒಟ್ಟಿಗೇ ಉಕ್ಕಿ ಅವಳು ಬಾಯಿಬಿಟ್ಟಳು. "ಎಪ್ಪತ್ತೆಂಟು ಬಂದಿತ್ತು ಡಾಕ್ಟ್ರೇ. ಹೆದ್ರಿಕೆಗೆ ನಾನೇ ಕಮ್ಮಿ ಬರೆದ್ಬಿಟ್ಟೆ."

ಸರ್ಜನ್ ನಗಲಿಲ್ಲ. ಗೋಡೆಯ ಕಾಗದವನ್ನೊಮ್ಮೆ ನೋಡಿದರು.

"ನೀವು ಬರೆದ ಸಂಖ್ಯೆ ನಂಬಿ ಇಷ್ಟು ವರ್ಷ ಜನರ ಮೈಗೆ ಚಾಕು ಇಟ್ಟಿದೀನಿ," ಎಂದರು ಮೆಲ್ಲಗೆ. "ಬೇರೆ ಯಾರದ್ದಾದ್ರೂ ಹೀಗೆ ಮಾಡಿದೀರಾ?"

"ನನ್ನಾಣೆ, ಇಲ್ಲ."

"ಇಲ್ಲ ಅಂತಾನೇ ನಂಗೂ ಅನ್ಸತ್ತೆ, ಅಕ್ಕಾ."

ಮೇಜಿನ ಮೇಲೆ ಅವಳು ಆ ದಿನ ಪರೀಕ್ಷಿಸಿ ಮುಗಿಸಿದ್ದ ಹನ್ನೊಂದು ಟ್ಯೂಬುಗಳಿದ್ದವು. ಸರ್ಜನ್ ಅವನ್ನು ತಟ್ಟೆ ಸಮೇತ ಎತ್ತಿಕೊಂಡು, ಬೇರೆ ಲ್ಯಾಬಿಗೆ ಕಳಿಸಲು ಹೊರಟರು.