ಮಣ್ಣಿಗೆ ಮಗಳಿಟ್ಟ ಹೆಸರು

ತಾಳಿ ತಾಳಿ, ಈ ಚೀಟಿಯನ್ನು ಮಡಚಿ ಜೇಬಿಗೆ ಹಾಕಬೇಡಿ! ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಇದನ್ನು ಪೂರ್ತಿ ಓದಲೇಬೇಕು.

ನಮ್ಮ ಬೀದಿಯ ಡ್ರೈಕ್ಲೀನಿಂಗ್ ಅಂಗಡಿಯಾಕೆಗೆ ಕಲೆ ಕಂಡರಾಗದು. ಯಾರದೋ ಕೋಟಿನ ಕಾಲರ್ ಉಜ್ಜುತ್ತಿದ್ದರೂ ಕಣ್ಣು ಮಾತ್ರ ಮಗಳ ಮೇಲೆ. ಇನ್ನೂ ಶಾಲೆಗೆ ಸೇರದ ಪುಟಾಣಿ ಅದು. ನೆಲ ಮುಟ್ಟಿದರೆ "ಛೀ!" ಎಲೆ ಎತ್ತಿಕೊಂಡರೆ "ಛೀ!"

ಪಕ್ಕದ ಮನೆಯ ನರ್ಸಮ್ಮ ಭಾನುವಾರ ಪಾರ್ಕಿನಲ್ಲಿ ಮಕ್ಕಳಿಗೆ ಮಣ್ಣು, ಹುಳ, ಎಲೆ ಮುಟ್ಟಿ ನೋಡುವ ಆಟ ಆಡಿಸುತ್ತಾರೆ. ಅಂಗಡಿಯಾಕೆಯನ್ನು ಕರೆದು ಕರೆದು ಅವರಿಗೆ ಸಾಕಾಗಿತ್ತು.

"ನಿಮಗೇನಕ್ಕಾ, ಬಟ್ಟೆ ಒಗೆಯೋಳು ನಾನು. ಮಗೂಗೆ ಜ್ವರ ಬಂದ್ರೆ?"

"ಆಡಿದ್ಮೇಲೆ ಸೋಪು ಹಾಕಿ ಕೈ ತೊಳೆಸಿದ್ರಾಯ್ತು ಕಣೇ. ಇನ್ನೇನು, ಮಗೂನ ಕವರಲ್ಲಿ ಹಾಕಿ ಹ್ಯಾಂಗರಿಗೆ ನೇತುಹಾಕ್ತೀಯಾ?"

ಆ ಮಾತು ಚುಚ್ಚಿತು. ಭಾನುವಾರ ಬಂದೇ ಬಂದಳು. ಆದರೆ ಮಗಳಿಗೆ ಹಾಕಿದ್ದು ಗರಿಗರಿ ಇಸ್ತ್ರಿಯ ಬಿಳಿ ಫ್ರಾಕು!

ಮರದಡಿ ಮಕ್ಕಳೆಲ್ಲ ಕುಕ್ಕರಗಾಲಲ್ಲಿ ಕೂತು ನೆಲ ಕೆದಕುತ್ತಿದ್ದರು. ನರ್ಸಮ್ಮ ಅಂಗೈಯಲ್ಲಿ ಒದ್ದೆ ಮಣ್ಣು ಹಿಡಿದು ಕೇಳಿದರು, "ಇದರ ಹೆಸರೇನು, ಚಿನ್ನಾ?"

ಮಗಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಠೀವಿಯಿಂದ ಹೇಳಿದಳು, "ಛೀ."

ಎಲ್ಲರೂ ಗೊಳ್ಳೆಂದು ನಕ್ಕರು.

ನರ್ಸಮ್ಮ ಎರೆಹುಳ ತೋರಿಸಿದರು. "ಇದು?"

"ಉದ್ದ ಛೀ."

ತರಗೆಲೆ ತೋರಿಸಿದರು. "ಇದು?"

"ಒಣ ಛೀ!"

ಈ ಸಲ ಯಾರೂ ನಗಲಿಲ್ಲ. ಮಗುವಿಗೆ ಅಸಹ್ಯವೇನೂ ಆಗಿರಲಿಲ್ಲ. ಸರಿಯಾದ ಉತ್ತರ ಕೊಟ್ಟೆನೆಂದು ಅಮ್ಮನ ಶಭಾಷ್‌ಗೆ ಕಾಯುತ್ತಿತ್ತು, ಅಷ್ಟೇ. ಅದಕ್ಕೆ ಗೊತ್ತಿದ್ದ ಹೆಸರೇ ಅದೊಂದು.

ಅಂಗಡಿಯಾಕೆಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಊರವರ ಕಲೆಯೆಲ್ಲ ತೆಗೆಯುವವಳು, ಮಗಳ ಬಾಯಿಗೆ ಈ ‘ಛೀ’ ಎಂಬ ಕಲೆಯನ್ನು ತಾನೇ ಮೆತ್ತಿದ್ದಳು. ದೊಪ್ಪನೆ ನೆಲದ ಮೇಲೆ ಕೂತು ಮಣ್ಣಿಗೆ ಕೈ ಹಾಕಿದಳು.

"ಛೀ, ಅಮ್ಮಾ!" ಮಗಳು ಗದರಿದಳು. ಥೇಟ್ ಅಮ್ಮನದೇ ದನಿ.

"ಛೀ ಅಲ್ಲ ಕಂದಾ, ಮಣ್ಣು. ಮೂಸಿ ನೋಡು."

ಮಗಳು ಮೊದಲು ಒಂದು ಚಿಟಿಕೆ ಹಿಡಿದಳು, ಆಮೇಲೆ ಮುಷ್ಟಿ ತುಂಬ. ಎರೆಹುಳ ಅಂಗೈಯಲ್ಲಿ ಕಚಗುಳಿ ಇಟ್ಟಾಗ ಕಿಲಕಿಲ ನಕ್ಕಳು. ಹುಳವನ್ನು ಅದರ ಜಾಗಕ್ಕೇ ಬಿಟ್ಟಳು. ಫ್ರಾಕಿನ ಗತಿ ಕೇಳಬೇಡಿ!

ಈ ಭಾನುವಾರ ನಿಮ್ಮ ಮಕ್ಕಳನ್ನೂ ಪಾರ್ಕಿಗೆ ಕರೆತನ್ನಿ. ಹಳೇ ಬಟ್ಟೆ ಹಾಕಿ. ನೀವೂ ಜೊತೆಗೆ ಕೂರಿ. ಮುಟ್ಟಲಿ, ಮೂಸಲಿ, ಬಾಯಿಗೆ ಮಾತ್ರ ಬೇಡ. ಕೊನೆಗೆ ಸೋಪು ಹಾಕಿ ಕೈ ತೊಳೆಸಿ.

ಅಂದಹಾಗೆ, ನಲ್ಲಿಯ ಹತ್ತಿರ ಮಗಳು ಕೇಳಿದಳು, "ಅಮ್ಮಾ, ಅದು ಮಣ್ಣು, ಅದು ಹುಳ, ಅದು ಎಲೆ. ಹಾಗಾದ್ರೆ ಛೀ ಅಂದ್ರೆ ಯಾವ್ದು?"

ಅಮ್ಮ ತಲೆ ತಗ್ಗಿಸಿ ಆ ಪುಟ್ಟ ಕೈಗಳನ್ನು ತೊಳೆಯುತ್ತಲೇ ಇದ್ದಳು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?